ಬಿಚ್ಚುವುದು, ಮತ್ತೆ ಮುಚ್ಚುವುದು

ಅಮ್ಮಿಯ ಟ್ಯಾಬಿಗೆ ಹೊಟ್ಟೆ ಉಬ್ಬಿದೆ ಎಂದು ನಮಗೆ ಗೊತ್ತಾದದ್ದು ತೀರಾ ತಡವಾಗಿ. ಟೇಬಲ್ಲಿನ ಮೇಲಿಟ್ಟರೆ ಅದು ಸಮನಾಗಿ ಕೂರುತ್ತಿರಲಿಲ್ಲ. ಒಂದು ಕಾಲು ಗಿಡ್ಡವಾದ ಸ್ಟೂಲಿನ ಹಾಗೆ ಅಲ್ಲಾಡುತ್ತಿತ್ತು. ಮಗಳು ಅದನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ಪರದೆಗೂ ಹಿಂದಿನ ಮುಚ್ಚಳಕ್ಕೂ ನಡುವೆ ಉಗುರು ತೂರುವಷ್ಟು ಸಂದಿ ಬಿಟ್ಟಿತ್ತು.

‘ನಾನಿ, ಇದು ಯಾವಾಗಿನಿಂದ ಹೀಗಿದೆ?’

ಅಮ್ಮಿ ಮುಖ ಆಚೆ ತಿರುಗಿಸಿಕೊಂಡು, ‘ರಂಜಾನಿಗೆ ಮುಂಚಿನಿಂದ’ ಎಂದರು.

ಆಗ ಬಕ್ರೀದ್ ಹತ್ತಿರವಾಗಿತ್ತು. ಅಂದರೆ ಮೂರು ತಿಂಗಳಿಂದ ಅವರು ಆ ಉಬ್ಬಿದ ಟ್ಯಾಬನ್ನು ಚಾರ್ಜಿಗೆ ಹಾಕಿ, ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದರು. ಯಾಕೆ ಹೇಳಲಿಲ್ಲ ಎಂದು ನಾವು ಗದರಿದ್ದಕ್ಕೆ ಬಂದ ಉತ್ತರ ಇಷ್ಟೇ: ‘ಹೇಳಿದ್ದರೆ ಕಿತ್ತುಕೊಳ್ಳುತ್ತಿದ್ದಿರಿ.’

ಅದು ಸುಳ್ಳಲ್ಲ. ಅಂದೇ ಕಿತ್ತುಕೊಂಡೆವು.

ಆ ಟ್ಯಾಬ್ ನಮ್ಮ ಮನೆಗೆ ಬಂದದ್ದು 2020ರ ಜೂನಿನಲ್ಲಿ. ಲಾಕ್‌ಡೌನಿನಲ್ಲಿ ಶಾಲೆ ಮುಚ್ಚಿತ್ತು, ಮಗಳು ಒಂಬತ್ತನೇ ತರಗತಿ, ಪಾಠವೆಲ್ಲ ಮೊಬೈಲಿನಲ್ಲಿ. ಮನೆಯಲ್ಲಿದ್ದ ಒಂದೇ ಸ್ಮಾರ್ಟ್‌ಫೋನು ನಮ್ಮ ಮನೆಯವರ ಜೇಬಿನಲ್ಲಿ ಹೊರಗೆ ಹೋಗಿಬಿಡುತ್ತಿತ್ತು. ನಷ್ಟಕ್ಕೇ ಚೀಟಿ ಕೂಗಿ, ಬಂದ ಹಣದಲ್ಲಿ ಇದನ್ನು ತಂದೆವು. ಎರಡು ವರ್ಷ ಮಗಳ ಶಾಲೆ ಇದರೊಳಗೇ ನಡೆಯಿತು. ಆಮೇಲೆ ಶಾಲೆಯ ಬಾಗಿಲು ತೆರೆಯಿತು, ಟ್ಯಾಬು ಕಪಾಟಿನ ಮೇಲೆ ದೂಳು ತಿನ್ನತೊಡಗಿತು.

ಅಲ್ಲಿಂದ ಅದನ್ನು ಇಳಿಸಿದವರು ಅಮ್ಮಿ. ಅಬ್ಬಾ ತೀರಿಕೊಂಡ ಮೇಲೆ ಅವರು ನಮ್ಮ ಜೊತೆಗೇ ಇದ್ದಾರೆ. ಈಗ ಎಪ್ಪತ್ನಾಲ್ಕು. ಉರ್ದು ಶಾಲೆಯಲ್ಲಿ ಐದನೆಯ ತರಗತಿಗೆ ಅವರ ಓದು ನಿಂತಿತು. ಓದುವ ಚಟ ಮಾತ್ರ ನಿಲ್ಲಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ದಿನಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ಇಬ್ನೆ ಸಫಿಯ ಪತ್ತೇದಾರಿ ಕಾದಂಬರಿಗಳನ್ನು ಅಬ್ಬಾ ತಂದುಕೊಡುತ್ತಿದ್ದರಂತೆ. ಅತ್ತೆಯವರ ಕಣ್ಣಿಗೆ ಬೀಳದಂತೆ ಅಕ್ಕಿಯ ಡಬ್ಬದಲ್ಲಿ ಬಚ್ಚಿಟ್ಟು ಓದಿದವರು ಅಮ್ಮಿ. 1952ರಲ್ಲಿ ಅಲಹಾಬಾದಿನಿಂದ ಶುರುವಾದ ‘ಜಾಸೂಸಿ ದುನಿಯಾ’ ಮಾಲೆಯ ಕರ್ನಲ್ ಫರೀದಿ, ಕ್ಯಾಪ್ಟನ್ ಹಮೀದ್ ಇಬ್ಬರೂ ಅವರಿಗೆ ನೆಂಟರಷ್ಟೇ ಪರಿಚಿತರು. ಮುಸ್ಲಿಂ ಮನೆಯ ಮುದುಕಿ ಏನು ಓದುತ್ತಾಳೆ ಎಂದು ಊಹಿಸುವವರಿಗೆ ನಾವು ಈ ಸಂಗತಿಯನ್ನು ಖುಷಿಯಿಂದ ಹೇಳುತ್ತೇವೆ.

ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೂ ಹಳೆಯ ಉರ್ದು ಪುಸ್ತಕಗಳ ಇರುವೆ ಸಾಲಿನಂಥ ಅಕ್ಷರ ಅವರಿಗೆ ಹಿಡಿಯುತ್ತಿರಲಿಲ್ಲ. ಉರ್ದು ಬರವಣಿಗೆಯಲ್ಲಿ ಒಂದು ಚುಕ್ಕೆ ಕಾಣದಿದ್ದರೆ ‘ಬೇ’ ಯಾವುದು, ‘ನೂನ್’ ಯಾವುದು ಎಂದೇ ತಿಳಿಯುವುದಿಲ್ಲ. ಪುಸ್ತಕದ ಪುಟಗಳನ್ನು ಟ್ಯಾಬಿನಲ್ಲಿ ತೆರೆದು, ಎರಡು ಬೆರಳಿಟ್ಟು ಅಗಲಿಸಿದರೆ ಚುಕ್ಕೆ ಕಡಲೆಕಾಳಿನಷ್ಟು ದೊಡ್ಡದಾಗುತ್ತದೆ ಎಂದು ಮೊಮ್ಮಗಳು ತೋರಿಸಿಕೊಟ್ಟಳು. ಅಂದಿನಿಂದ ಟ್ಯಾಬು ಅಮ್ಮಿಯದಾಯಿತು.

ನಾವು ಏಳನೆಯ ತರಗತಿಯವರೆಗೆ ಉರ್ದುವಿನಲ್ಲಿ ಓದಿ, ಆಮೇಲೆ ಕನ್ನಡಕ್ಕೆ ಬಂದವರು. ಕಥೆ ಬರೆಯುವುದು ಕನ್ನಡದಲ್ಲಿ. ಆ ಕಥೆಗಳನ್ನು ಅಮ್ಮಿ ಓದಲಾರರು. ಅಮ್ಮಿ ಓದುವುದನ್ನು ಇಂಗ್ಲಿಷ್ ಮೀಡಿಯಮ್ಮಿನ ಮಗಳು ಓದಲಾರಳು. ಒಂದೇ ಛಾವಣಿಯ ಕೆಳಗಿನ ಮೂವರು ಹೆಂಗಸರಲ್ಲಿ ಇಬ್ಬರ ಕೈಗೂ ಹೊಂದಿಕೊಂಡ ವಸ್ತು ಎಂದರೆ ಆ ಟ್ಯಾಬು. ಅದು ಕಪಾಟು ಸೇರಿದ ಮೇಲೆ ಅಮ್ಮಿ ಹಗಲೆಲ್ಲ ಕಿಟಕಿಯ ಪಕ್ಕ ಸುಮ್ಮನೆ ಕೂರತೊಡಗಿದರು. ಕೇಳಿದರೆ ‘ಏನಿಲ್ಲ’ ಎನ್ನುವರು. ನಾಲ್ಕನೆಯ ದಿನಕ್ಕೆ ನಮಗೇ ತಡೆಯಲಾಗಲಿಲ್ಲ.

ಮೊದಲು ಅಂಗಡಿಗೆ ಒಯ್ದೆವು. ಅಂಗಡಿಯ ಹುಡುಗ ದೂರದಿಂದಲೇ ನೋಡಿ, ‘ಮೇಡಂ, ಇದು ಬಾಂಬು. ಬಿಸಾಕಿ. ಹೊಸದು ತಗೊಳ್ಳಿ, ಇಎಂಐ ಇದೆ’ ಎಂದ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದೆವು. ಈ ಮಾಡೆಲ್ ನಿಂತುಹೋಗಿದೆ, ಬ್ಯಾಟರಿ ಬರುವುದಿಲ್ಲ ಎಂದರು. ಪರದೆ ಚೆನ್ನಾಗಿದೆ, ಒಳಗಿನ ಯಂತ್ರ ಚೆನ್ನಾಗಿದೆ, ಕೆಟ್ಟಿರುವುದು ಬ್ಯಾಟರಿ ಒಂದೇ. ಟೈರ್ ಸವೆಯಿತೆಂದು ಸೈಕಲನ್ನೇ ಎಸೆಯಿರಿ ಎಂದ ಹಾಗಾಯಿತು.

ಮನೆಗೆ ಬಂದು ಹೇಳಿದಾಗ ಅಮ್ಮಿ ಕೇಳಿದ್ದು ಒಂದೇ ಪ್ರಶ್ನೆ: ‘ಯಾರೂ ಬಿಚ್ಚಿ ನೋಡಲಿಲ್ಲವೇ?’

ಈ ಪ್ರಶ್ನೆಗೆ ಹಿನ್ನೆಲೆ ಇದೆ. ನಮ್ಮ ಅಬ್ಬಾ ತುಮಕೂರಿನಲ್ಲಿ ವಾಚ್ ರಿಪೇರಿ ಮಾಡುತ್ತಿದ್ದರು. ಎರಡು ಅಡಿ ಅಗಲದ ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ಬಲ್ಬು, ಅಷ್ಟೇ ಅಂಗಡಿ. 1978ರಲ್ಲಿ ನಮ್ಮೂರಿಗೆ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಬಂತು. ಊರಿನವರ ಕೈಯಲ್ಲೆಲ್ಲ ಊರಿನದೇ ವಾಚು. ದಿನಕ್ಕೊಮ್ಮೆ ಚಾವಿ ಕೊಟ್ಟರೆ ಓಡುವ ‘ಜನತಾ’ ವಾಚುಗಳು ಅಬ್ಬಾನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿರುತ್ತಿದ್ದವು. ಎಚ್‌ಎಂಟಿ ವಾಚಿನ ಕಂಪನಿಯನ್ನೇ ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿತು. ಕಾರ್ಖಾನೆಯ ಆ ಜಾಗ ಈಗ ಇಸ್ರೋದ ಕೈಯಲ್ಲಿದೆ. ಅಬ್ಬಾ ಹೋದದ್ದು ಅದರ ಮರುವರ್ಷ.

ಊರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅಂಗಡಿಯ ಬೋರ್ಡಿನ ಮೇಲೆ ಅಬ್ಬಾನ ಹೆಸರಿತ್ತು, ಆದರೆ ಅರ್ಧ ಕೆಲಸ ನಡೆಯುತ್ತಿದ್ದದ್ದು ರಾತ್ರಿ ನಮ್ಮ ಅಡುಗೆಮನೆಯಲ್ಲಿ. ಬಿಚ್ಚಿದ ವಾಚಿನ ಹಲ್ಲುಚಕ್ರಗಳನ್ನು ಬಟ್ಟಲಿನ ಪೆಟ್ರೋಲಿನಲ್ಲಿ ಅದ್ದಿ, ಸಣ್ಣ ಬ್ರಷ್ಷಿನಿಂದ ತೊಳೆದು, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದವರು ಅಮ್ಮಿ. ಒಲೆ ಆರಿಸಿದ ಮೇಲೆಯೇ ಪೆಟ್ರೋಲಿನ ಶೀಸೆ ತೆಗೆಯಬೇಕು ಎಂಬುದು ಮನೆಯ ಕಾನೂನು. ಯಾವ ಸ್ಕ್ರೂ ಯಾವ ತೂತಿನದು ಎಂದು ಅಬ್ಬಾ ಮರೆತರೆ ಅಮ್ಮಿಗೆ ನೆನಪಿರುತ್ತಿತ್ತು. ಈ ಕೆಲಸಕ್ಕೆ ಕೂಲಿ ಇರಲಿಲ್ಲ, ಹೆಸರೂ ಇರಲಿಲ್ಲ. ಕಥೆ ಬರೆಯುವ ನಾವೂ ಇದನ್ನು ಈವರೆಗೆ ಎಲ್ಲೂ ಬರೆದಿರಲಿಲ್ಲ.

‘ವಾಚಿನ ಹಿಂದೆ ಚಾಕುವಿನ ತುದಿ ತೂರಿಸಲು ಒಂದು ಸಂದಿ ಬಿಟ್ಟಿರುತ್ತಿದ್ದರು’ ಎಂದರು ಅಮ್ಮಿ. ‘ಮಾಡಿದವನಿಗೆ ಗೊತ್ತಿತ್ತು, ಇದನ್ನು ಒಂದು ದಿನ ಯಾರೋ ಬಿಚ್ಚುತ್ತಾರೆ ಅಂತ. ಇದಕ್ಕೆ ಸಂದಿ ಇಲ್ಲವೇ?’

ಇತ್ತು. ಉಬ್ಬಿದ ಬ್ಯಾಟರಿ ತಾನೇ ತಳ್ಳಿ ಮಾಡಿಕೊಂಡ ಸಂದಿ.

ಮಗಳು ವಿಜ್ಞಾನದ ವಿದ್ಯಾರ್ಥಿನಿ. ಒಂದು ವಾರ ಓದಿ, ವಿಡಿಯೋ ನೋಡಿ, ನಮಗೂ ನಾನಿಗೂ ಪಾಠ ಹೇಳಿದಳು. ಟ್ಯಾಬಿನ ಬ್ಯಾಟರಿ ಎಂದರೆ ಟಾರ್ಚಿನ ಸೆಲ್ಲಿನ ಹಾಗೆ ಗಟ್ಟಿ ಡಬ್ಬಿಯಲ್ಲ. ಅಲ್ಯೂಮಿನಿಯಂ ಹಾಳೆಯ ತೆಳು ಚೀಲ. ಒಳಗೆ ಎರಡು ಬಗೆಯ ಲೇಪದ ಪದರಗಳು, ಅವು ಒಂದಕ್ಕೊಂದು ತಾಗದಂತೆ ನಡುವೆ ಕಾಗದಕ್ಕಿಂತ ತೆಳುವಾದ ಪ್ಲಾಸ್ಟಿಕ್ ಪೊರೆ, ಎಲ್ಲವನ್ನೂ ನೆನೆಸಿದ ಒಂದು ದ್ರಾವಣ. ಚಾರ್ಜು ಮಾಡುವಾಗ ಲಿಥಿಯಂ ಕಣಗಳು ಒಂದು ಪದರದಿಂದ ಇನ್ನೊಂದಕ್ಕೆ ಹೋಗುತ್ತವೆ, ಬಳಸುವಾಗ ವಾಪಸು ಬರುತ್ತವೆ. ಕೆಲವು ನೂರು ಸಲ ಹೀಗೆ ಹೋಗಿ ಬರುವಷ್ಟರಲ್ಲಿ ಬ್ಯಾಟರಿ ಸವೆಯುತ್ತದೆ. ದ್ರಾವಣ ಕೆಟ್ಟು ಗಾಳಿ ಹುಟ್ಟುತ್ತದೆ. ಮುಚ್ಚಿದ ಚೀಲವಾದ್ದರಿಂದ ಹೊಟ್ಟೆ ಉಬ್ಬುತ್ತದೆ. ಯಾವಾಗಲೂ ನೂರಕ್ಕೆ ನೂರು ತುಂಬಿಸಿಟ್ಟರೆ, ಜೊತೆಗೆ ಬಿಸಿಯೂ ತಾಗಿದರೆ ಇದು ಬೇಗ ಆಗುತ್ತದೆ. ಕರೆಂಟು ಯಾವಾಗ ಹೋಗುತ್ತದೋ ಎಂದು ಅಮ್ಮಿ ಚಾರ್ಜರನ್ನು ಕಿತ್ತದ್ದೇ ಇಲ್ಲ. ದಿಂಬಿನ ಕೆಳಗಿನ ಶಾಖ ಬೇರೆ.

‘ಅಂದರೆ ನಾನೇ ಕೊಂದೆ’ ಎಂದರು ಅಮ್ಮಿ.

‘ಇಲ್ಲ ನಾನಿ, ಸುಮ್ಮನೆ ಇಟ್ಟಿದ್ದರೂ ಇಷ್ಟು ವರ್ಷಕ್ಕೆ ಸವೆಯುತ್ತಿತ್ತು. ನೀವು ಸ್ವಲ್ಪ ಬೇಗ ಮಾಡಿದಿರಿ, ಅಷ್ಟೇ’ ಎಂದು ಮಗಳು ಸಮಾಧಾನ ಮಾಡಿದಳು. ಆಮೇಲೆ ನಾನಿಗೆ ಇಷ್ಟವಾಗುವ ಇನ್ನೊಂದು ವಿಷಯ ಹೇಳಿದಳು. ಇಂಥ ಬ್ಯಾಟರಿಯ ಒಂದು ಮುಖ್ಯ ಪದರವನ್ನು 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಂಡುಹಿಡಿದವರು ಜಾನ್ ಗುಡ್‌ಇನಫ್. 1991ರಲ್ಲಿ ಜಪಾನಿನ ಸೋನಿ ಕಂಪನಿ ಈ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಗುಡ್‌ಇನಫ್ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂದದ್ದು 2019ರಲ್ಲಿ, ಆಗ ಅವರಿಗೆ ತೊಂಬತ್ತೇಳು ವರ್ಷ. ನೊಬೆಲ್ ಪಡೆದವರಲ್ಲಿ ಅಷ್ಟು ವಯಸ್ಸಾದವರು ಅದುವರೆಗೆ ಬೇರೆ ಯಾರೂ ಇರಲಿಲ್ಲ. 2023ರಲ್ಲಿ, ನೂರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಮ್ಮಿ ಬೆರಳು ಮಡಚಿ ಲೆಕ್ಕ ಹಾಕಿ, ‘ಹಾಗಾದರೆ ನನಗಿನ್ನೂ ಇಪ್ಪತ್ತಮೂರು ವರ್ಷ ಇದೆ. ಬಿಚ್ಚೋಣ’ ಎಂದರು.

ಓದುಗರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಉಬ್ಬಿದ ಬ್ಯಾಟರಿಗೆ ಚೂಪಾದದ್ದು ಚುಚ್ಚಿದರೆ, ಬಲವಾಗಿ ಮಡಚಿದರೆ ಒಳಗಿನ ಪೊರೆ ಹರಿದು ಪದರಗಳು ತಾಗುತ್ತವೆ. ಕ್ಷಣದಲ್ಲಿ ಕಾದು ಬೆಂಕಿ ಹತ್ತಬಹುದು. ಆ ಹೊಗೆಯೂ ವಿಷ. ನಮ್ಮ ಟ್ಯಾಬಿನ ಹಿಂಬದಿ ಕೊಂಡಿಗಳಿಂದ ಸಿಕ್ಕಿಸಿದ ಪ್ಲಾಸ್ಟಿಕ್ ಮುಚ್ಚಳವಾದ್ದರಿಂದ ಧೈರ್ಯ ಮಾಡಿದೆವು. ಗಾಜಿನ ಪರದೆಯನ್ನೇ ಅಂಟಿನಿಂದ ಕೂರಿಸಿರುವ ಟ್ಯಾಬುಗಳನ್ನು ಕಾಯಿಸಿ ಮೇಲೆತ್ತಬೇಕು. ಬ್ಯಾಟರಿ ಉಬ್ಬಿದಾಗ ಬಿಸಿ ತೋರಿಸುವುದು ಅಪಾಯ. ಅಂಥದ್ದಾಗಿದ್ದರೆ ನಾವು ಮುಟ್ಟುತ್ತಿರಲಿಲ್ಲ.

ಮೊದಲ ದಿನ ಮುಚ್ಚಳವನ್ನಷ್ಟೇ ತೆಗೆದೆವು. ಬ್ಯಾಟರಿಯ ನಂಬರು ಹೊರಗೆಲ್ಲೂ ಇರುವುದಿಲ್ಲ, ಬ್ಯಾಟರಿಯ ಮೈಮೇಲೇ ಇರುತ್ತದೆ. ಹಳೆಯ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಅಂಚಿನುದ್ದಕ್ಕೂ ಮೆಲ್ಲಗೆ ಸರಿಸಿದಾಗ ಕೊಂಡಿಗಳು ಚಟ್ ಚಟ್ ಎಂದು ಬಿಟ್ಟವು. ಒಳಗೆ ಬೆಳ್ಳಿ ಬಣ್ಣದ ಚೀಲ, ದಿಂಬಿನ ಹಾಗೆ ಊದಿಕೊಂಡು ಮಲಗಿತ್ತು. ನಂಬರು ಬರೆದುಕೊಂಡು, ಬ್ಯಾಟರಿಯ ಕನೆಕ್ಟರನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಎತ್ತಿ ಬಿಡಿಸಿ, ಮುಚ್ಚಳವನ್ನು ಒತ್ತದೆ ಹಾಗೇ ಮೇಲಿಟ್ಟು, ಉರಿಯುವ ಸಾಮಾನು ಯಾವುದೂ ಇಲ್ಲದ ಮೆಟ್ಟಿಲ ಕೆಳಗಿನ ಕಲ್ಲಿನ ಗೂಡಿನಲ್ಲಿ ಇಟ್ಟೆವು.

ಮಾರನೆಯ ದಿನ ಮಗಳೂ ನಾವೂ ಬೆಂಗಳೂರಿನ ರೈಲು ಹತ್ತಿದೆವು. ಎಸ್.ಪಿ. ರಸ್ತೆಯ ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ ಎಂದು ಅಲ್ಲಿ ಓಡಾಡುವ ಎಷ್ಟೋ ಜನರಿಗೆ ಗೊತ್ತಿಲ್ಲ. ಬೆಂಕಿಪೊಟ್ಟಣ ಜೋಡಿಸಿದ ಹಾಗೆ ಅಂಗಡಿಗಳು. ವೈರು, ಬೋರ್ಡು, ಪರದೆ, ಚಾರ್ಜರುಗಳ ರಾಶಿ. ನಾಲ್ಕು ಅಂಗಡಿಗಳಲ್ಲಿ ಇಲ್ಲ ಎಂದರು. ಎರಡು ಅಂಗಡಿಗಳಲ್ಲಿ ನಮ್ಮನ್ನು ದಾಟಿ ಹಿಂದಿದ್ದ ಗಂಡಸರನ್ನು ‘ಏನ್ ಸಾರ್’ ಎಂದು ಕೇಳಿದರು. ಏಳನೆಯ ಅಂಗಡಿಯ ಹಿರಿಯರೊಬ್ಬರು ನಂಬರು ನೋಡಿ, ಎರಡು ಬ್ಯಾಟರಿಗಳನ್ನು ಎದುರಿಗಿಟ್ಟರು. ಎರಡೂ ಒಂದೇ ಗಾತ್ರ. ಒಂದರ ಮೇಲೆ 5100 ಎಂದಿತ್ತು, ಇನ್ನೊಂದರ ಮೇಲೆ 8000. ನಮ್ಮ ಕೈ 8000ದ ಕಡೆ ಹೋಯಿತು.

‘ಅಮ್ಮಾ, ದೊಡ್ಡ ನಂಬರ್ ನೋಡಿ ತಗೋಬೇಡಿ’ ಎಂದರು ಅವರು. ‘ಚೀಲ ಅಷ್ಟೇ ಇದ್ದ ಮೇಲೆ ಒಳಗೆ ಜಾಸ್ತಿ ಎಲ್ಲಿಂದ ಬರುತ್ತೆ? ಬರೆಯೋಕೆ ಶಾಯಿ ಖರ್ಚು, ಅಷ್ಟೇ.’

ವೋಲ್ಟೇಜಿನ ಅಂಕಿ ಹಳೆಯದರದ್ದೇ ಇರಬೇಕು, ಕನೆಕ್ಟರಿನ ಹಲ್ಲುಗಳು ಹೊಂದಬೇಕು, ತಯಾರಾದ ತಿಂಗಳು ನೋಡಬೇಕು ಎಂದು ಅವರೇ ಹೇಳಿಕೊಟ್ಟರು. ಕಪಾಟಿನಲ್ಲಿ ಮಲಗಿದ್ದರೂ ಬ್ಯಾಟರಿಗೆ ವಯಸ್ಸಾಗುತ್ತದೆ. ಬೆಲೆ ಸಾವಿರದ ಮುನ್ನೂರೈವತ್ತು. ಅಂಟು ಬಿಡಿಸಲು ಒಂದು ಸಣ್ಣ ಶೀಸೆ ಐಸೊಪ್ರೊಪೈಲ್ ಆಲ್ಕೋಹಾಲನ್ನೂ ಕೊಟ್ಟರು.

ಕೆಲಸ ನಡೆದದ್ದು ಭಾನುವಾರ ಬೆಳಿಗ್ಗೆ. ಜಮಖಾನೆ ಸುತ್ತಿಟ್ಟು ಬರಿಯ ನೆಲದ ಮೇಲೆ ಕೂತೆವು. ಕಿಟಕಿ ಬಾಗಿಲು ತೆರೆದಿದ್ದವು. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು. ಸಿಹಿ ಸಿಹಿಯಾದ ವಾಸನೆ ಬಂದರೆ ಚೀಲ ತೂತಾಗಿದೆ ಎಂದು ಅರ್ಥ, ಎಲ್ಲ ಬಿಟ್ಟು ಆಚೆ ಹೋಗಬೇಕು ಎಂದು ಮಗಳು ಎರಡು ಸಲ ಹೇಳಿದಳು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, ‘ಇದೆಲ್ಲ ಬೇಕಿತ್ತಾ?’ ಎಂದು ಎರಡು ಸಲ ಕೇಳಿದರು.

ಅಮ್ಮಿ ಟ್ರಂಕಿನಿಂದ ಅಬ್ಬಾನ ಡಬ್ಬಿ ತೆಗೆದುಕೊಂಡು ಬಂದರು. ಸಣ್ಣ ಸ್ಕ್ರೂ ಡ್ರೈವರುಗಳು, ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಭೂತಗನ್ನಡಿ. ಚಿಮಟ ಕಬ್ಬಿಣದ್ದು, ಬ್ಯಾಟರಿಯ ಹತ್ತಿರ ತರಬಾರದು ಎಂದು ಮಗಳು ಅದನ್ನು ದೂರವಿಟ್ಟಳು. ಅಮ್ಮಿಗೆ ಸ್ವಲ್ಪ ಬೇಸರವಾಯಿತು. ಆದರೆ ಒಳಗಿನ ತಗಡಿನ ಹೊದಿಕೆ ಹಿಡಿದಿದ್ದ ಹನ್ನೊಂದು ಸ್ಕ್ರೂಗಳ ಜವಾಬ್ದಾರಿ ಅವರಿಗೇ ಬಂತು. ನೋಡಲು ಒಂದೇ ಥರ ಕಂಡರೂ ಅವುಗಳಲ್ಲಿ ಎರಡು ಅಳತೆ ಇದ್ದವು. ಗಿಡ್ಡ ತೂತಿಗೆ ಉದ್ದದ ಸ್ಕ್ರೂ ಬಿಗಿದರೆ ಒಳಗಿನ ಬೋರ್ಡು ಸೀಳುತ್ತದೆ. ಅಮ್ಮಿ ಬಿಳಿ ಹಾಳೆಯ ಮೇಲೆ ಟ್ಯಾಬಿನ ಚಿತ್ರ ಗೀಚಿ, ಸ್ಕ್ರೂ ಇದ್ದ ಜಾಗದಲ್ಲೇ ಅದನ್ನು ಇಟ್ಟು, ಪಕ್ಕದಲ್ಲಿ ಉರ್ದು ಅಂಕಿ ಬರೆದರು. ಮಗಳಿಗೆ ಅದು ತಿಳಿಯದೆ ಇಂಗ್ಲಿಷ್ ಅಂಕಿ ಹಾಕಿದಳು. ಇಬ್ಬರ ಜಗಳ ಬೇಡವೆಂದು ನಾವು ‘ಉದ್ದ’, ‘ಗಿಡ್ಡ’ ಎಂದು ಕನ್ನಡದಲ್ಲಿ ಬರೆದೆವು. ಆ ಹಾಳೆ ಈಗಲೂ ನಮ್ಮಲ್ಲಿದೆ. ನಮ್ಮ ಮನೆಯ ಮೂವರೂ ಒಟ್ಟಿಗೆ ಬರೆದ ಬರಹ ಅದೊಂದೇ.

ಕಷ್ಟವಾದದ್ದು ಬ್ಯಾಟರಿಯನ್ನು ಮೇಲೆತ್ತುವುದು. ಕೆಳಗೆ ಎರಡೂ ಕಡೆ ಅಂಟಿರುವ ಟೇಪು ಹಚ್ಚಿದ್ದರು. ಅದರ ಕೆಳಗೇ ಪರದೆ. ಎತ್ತಲು ಬಲ ಹಾಕಿದರೆ ಚೀಲ ಮಡಚುತ್ತದೆ, ಕೆಳಗೆ ಒತ್ತಿದರೆ ಪರದೆ ಒಡೆಯುತ್ತದೆ. ಅಂಚಿಗೆ ಆಲ್ಕೋಹಾಲಿನ ಹನಿ ಬಿಟ್ಟು ಕಾದೆವು. ಕಾರ್ಡು ತೂರಲಿಲ್ಲ. ಅರ್ಧ ಗಂಟೆ ಹೀಗೇ ಹೋಯಿತು. ಮಗಳ ಹಣೆಯಲ್ಲಿ ಬೆವರು.

‘ಬಾರ್ ಸೋಪು ಹೇಗೆ ಕತ್ತರಿಸುತ್ತೇವೆ?’ ಎಂದರು ಅಮ್ಮಿ.

ನಮಗೆ ಹೊಳೆಯಿತು. ಹೊಲಿಗೆ ಡಬ್ಬಿಯಿಂದ ನೈಲಾನ್ ದಾರ ತಂದು, ಬ್ಯಾಟರಿಯ ಮೂಲೆಯ ಕೆಳಗೆ ತೂರಿಸಿ, ಒಂದು ತುದಿ ಮಗಳು, ಒಂದು ತುದಿ ನಾವು ಹಿಡಿದು ಆಚೆ ಈಚೆ ಎಳೆದೆವು. ‘ಜಗ್ಗಬೇಡಿ, ಗರಗಸದ ಹಾಗೆ ಆಡಿಸಿ’ ಎಂದು ಅಮ್ಮಿಯ ಉಸ್ತುವಾರಿ. ದಾರ ಟೇಪನ್ನು ಕೊಯ್ಯುತ್ತಾ ಒಳಗೆ ಹೋಯಿತು. ಎರಡು ಸಲ ದಾರ ಹರಿಯಿತು. ಮೂರನೆಯ ಸಲ ಚೀಲ ಪೂರ್ತಿ ಬಿಡಿಸಿಕೊಂಡಿತು. ಮಗಳು ಅದನ್ನು ಎರಡೂ ಅಂಗೈಯಲ್ಲಿ ಎತ್ತಿ, ಕನೆಕ್ಟರಿಗೆ ಇನ್ಸುಲೇಷನ್ ಟೇಪು ಸುತ್ತಿ, ಮರಳಿನ ಮೇಲೆ ಮಲಗಿಸಿದಳು. ಅಲ್ಲಿಯವರೆಗೆ ಯಾರೂ ಸರಿಯಾಗಿ ಉಸಿರಾಡಿರಲಿಲ್ಲ ಎಂದು ಆಗ ಗೊತ್ತಾಯಿತು.

ತಪ್ಪು ಆದದ್ದು ಆ ನಿರಾಳದಲ್ಲೇ. ಉಳಿದ ಟೇಪಿನ ಅಂಟು ಕೆರೆಯುವಾಗ ನಮ್ಮ ಕೈ ಜಾರಿ, ಕೂದಲೆಳೆಯಷ್ಟು ತೆಳುವಾದ ಒಂದು ಪಟ್ಟಿ ಹರಿಯಿತು. ದನಿ ಹೆಚ್ಚು ಕಡಿಮೆ ಮಾಡುವ ಗುಂಡಿಗೆ ಹೋಗುವ ಪಟ್ಟಿ ಅದು. ನಮಗೆ ಅಳು ಬರುವಂತಾಯಿತು. ಅಮ್ಮಿ ಬಗ್ಗಿ ನೋಡಿ, ‘ಓದುವುದಕ್ಕೆ ದನಿ ಯಾಕೆ?’ ಎಂದರು.

ಹೊಸ ಬ್ಯಾಟರಿಯನ್ನು ಅಂಟಿಸುವ ಮೊದಲು ಕನೆಕ್ಟರ್ ಸಿಕ್ಕಿಸಿ ಪರೀಕ್ಷೆ ಮಾಡಿದೆವು. ಗುಂಡಿ ಒತ್ತಿದರೆ ಕತ್ತಲೆ. ಐದು ಸೆಕೆಂಡು, ಹತ್ತು ಸೆಕೆಂಡು. ಕನೆಕ್ಟರ್ ಬಿಡಿಸಿ ಮತ್ತೆ ಒತ್ತಿ ಕೂರಿಸಿದಾಗ ಸಣ್ಣಗೆ ಟಿಕ್ ಎಂದಿತು. ಪರದೆ ಬೆಳಗಿತು. ಹನ್ನೊಂದು ಸ್ಕ್ರೂಗಳೂ ಹಾಳೆಯಿಂದ ತಮ್ಮ ತಮ್ಮ ತೂತಿಗೆ ಮರಳಿದವು. ಒಂದೂ ಉಳಿಯಲಿಲ್ಲ. ‘ನಿಮ್ಮ ಅಬ್ಬಾಗೆ ಯಾವಾಗಲೂ ಒಂದು ಉಳಿಯುತ್ತಿತ್ತು’ ಎಂದರು ಅಮ್ಮಿ.

ಇಲ್ಲಿಗೆ ಈ ಬರಹ ಮುಗಿಯಬೇಕಿತ್ತು. ಆದರೆ ಮರಳಿನ ಬಕೆಟ್ಟಿನಲ್ಲಿ ಹಳೆಯ ಬ್ಯಾಟರಿ ಮಲಗಿತ್ತು.

ನಮ್ಮ ಮೊಹಲ್ಲಾಕ್ಕೆ ಭಾನುವಾರ ಗುಜರಿ ಹುಡುಗ ಬರುತ್ತಾನೆ. ಹದಿಮೂರು ಹದಿನಾಲ್ಕು ವರ್ಷವಿರಬಹುದು. ಲಾಕ್‌ಡೌನಿನಲ್ಲಿ ಬಿಟ್ಟ ಶಾಲೆಗೆ ಅವನು ಮರಳಲಿಲ್ಲ. ನಮ್ಮ ಮಗಳ ಪಾಠ ಟ್ಯಾಬಿನೊಳಗೆ ನಡೆಯುತ್ತಿದ್ದಾಗ ಅವನ ಮನೆಯಲ್ಲಿ ಮೊಬೈಲೂ ಇರಲಿಲ್ಲ. ಅಂದು ಅವನು ಬಕೆಟ್ಟಿನೊಳಗೆ ಇಣುಕಿ, ‘ಆಪಾ, ಬ್ಯಾಟ್ರಿ ಕೊಡ್ತೀರಾ? ಇಪ್ಪತ್ತು ರೂಪಾಯಿ ಕೊಡ್ತೀನಿ’ ಎಂದ.

‘ತೆಗೆದುಕೊಂಡು ಹೋಗಿ ಏನು ಮಾಡುತ್ತೀಯ?’ ಎಂದು ಅಮ್ಮಿ ಕೇಳಿದರು.

‘ಗೋಡೌನಲ್ಲಿ ಒಡೀತೀವಿ, ನಾನಿ. ಒಳಗೆ ತಾಮ್ರ ಇರುತ್ತೆ.’

ಅವನ ಬಲಗೈಯ ಎರಡು ಬೆರಳಿನ ತುದಿ ಸುಟ್ಟು ನುಣ್ಣಗಾಗಿದ್ದವು. ಏನಾಯಿತೆಂದು ಕೇಳುವ ಅಗತ್ಯ ಕಾಣಲಿಲ್ಲ. ನಾವು ಮರಳು, ಕಿಟಕಿ, ದಾರ ಎಂದೆಲ್ಲ ಒಂದು ವಾರ ತಯಾರಿ ಮಾಡಿಕೊಂಡು ಮುಟ್ಟಿದ ವಸ್ತುವನ್ನು ಈ ಹುಡುಗ ಸುತ್ತಿಗೆಯಿಂದ ಒಡೆಯುತ್ತಾನೆ.

ಗುಜರಿ ಕೆಲಸ ನಮ್ಮವರಿಗೆ ಹೊಸದಲ್ಲ. ಬೆಂಗಳೂರಿನ ಜಾಲಿ ಮೊಹಲ್ಲಾ, ಗೌರಿಪಾಳ್ಯ, ನಾಯಂಡಹಳ್ಳಿಗಳ ಓಣಿಗಳಲ್ಲಿ ಊರು ಎಸೆದದ್ದನ್ನು ಬಿಡಿಸಿ, ವಿಂಗಡಿಸಿ ಹೊಟ್ಟೆ ಹೊರೆಯುವ ಕುಟುಂಬಗಳಲ್ಲಿ ನಮ್ಮವರು ಬಹಳ. ಅವರನ್ನು ಕೊಳಕು ಜನ ಎನ್ನುವವರಿಗೆ ಆ ಕೊಳಕು ಯಾರ ಮನೆಯದು ಎಂಬ ಪ್ರಶ್ನೆ ಬರುವುದಿಲ್ಲ. ಇನ್ನೊಂದು ತುದಿಯಲ್ಲೂ ಕಥೆ ಇದೇ. ಇಂಥ ಬ್ಯಾಟರಿಗಳ ಪದರಕ್ಕೆ ಬೇಕಾದ ಕೋಬಾಲ್ಟಿನ ಬಹುಪಾಲು ಆಫ್ರಿಕಾದ ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ದುಡಿಯುವುದನ್ನು ಆಮ್ನೆಸ್ಟಿ ಸಂಸ್ಥೆ 2016ರ ವರದಿಯಲ್ಲಿ ದಾಖಲಿಸಿತ್ತು. ಮಕ್ಕಳ ಕೈಯಿಂದ ಹೊರಟು, ನಡುವೆ ಕೆಲವು ವರ್ಷ ನಮ್ಮ ದಿಂಬಿನ ಕೆಳಗೆ ಮಲಗಿ, ಮತ್ತೆ ಮಕ್ಕಳ ಕೈಗೇ ಸೇರುವುದು ಇದರ ಹಣೆಬರಹ.

ಕಾನೂನುಗಳಿಗೆ ಕೊರತೆಯಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ತಯಾರಕರದ್ದು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಎಂಬ ಪೋರ್ಟಲನ್ನೂ ತೆರೆಯಿತು. ಯುರೋಪಿನ ದೇಶಗಳ ಒಕ್ಕೂಟ 2023ರಲ್ಲಿ ಮಾಡಿದ ಕಾಯಿದೆಯಲ್ಲಿ, ಇಂಥ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ಸುಲಭವಾಗಿ ತೆಗೆದು ಬದಲಿಸುವಂತಿರಬೇಕು ಎಂದು ಬರೆದು, ಅದಕ್ಕೆ 2027ರ ಫೆಬ್ರವರಿಯ ಗಡುವು ಇಟ್ಟಿದ್ದಾರೆ. ಅಮ್ಮಿ ಕೇಳಿದ ಆ ಸಂದಿಯನ್ನು ಕಾನೂನಿನಲ್ಲಿ ಕೇಳಿದ್ದಾರೆ, ಅಷ್ಟೇ. ಆದರೆ ನಮ್ಮ ಕೈಯಲ್ಲಿದ್ದ ಒಂದು ಬ್ಯಾಟರಿಯನ್ನು ಎಲ್ಲಿ ಕೊಡುವುದು? ಅಂಗಡಿಯವರು ಬೇಡವೆಂದರು. ಕಸದ ಗಾಡಿಯ ಹೆಣ್ಣುಮಗಳು ‘ಹಾಕಮ್ಮ’ ಎಂದು ಬರಿಗೈ ಚಾಚಿದರು. ಆ ಕೈಗೆ ಹಾಕಲು ಮನಸ್ಸು ಬರಲಿಲ್ಲ. ಎರಡು ತಿಂಗಳು ಅದು ತಗಡಿನ ಡಬ್ಬದ ಮರಳಿನಲ್ಲಿ ಮಹಡಿಯ ನೆರಳಿನಲ್ಲಿತ್ತು. ಕೊನೆಗೆ ಮಗಳ ಕಾಲೇಜಿನಲ್ಲಿ ಇ-ತ್ಯಾಜ್ಯ ಸಂಗ್ರಹಕ್ಕೆ 1 ವಾಹನ ಬಂದಾಗ, ಪರವಾನಗಿ ಇದೆಯೇ ಎಂದು ಕೇಳಿ ಒಪ್ಪಿಸಿದೆವು.

ಅಂದು ಹುಡುಗನಿಗೆ ಬ್ಯಾಟರಿ ಕೊಡಲಿಲ್ಲ. ಹಳೆಯ ಕುಕ್ಕರು ಕೊಟ್ಟೆವು. ಅವನಿಗೆ ಟ್ಯಾಬಿನ ಮೇಲೇ ಕಣ್ಣು. ‘ನೀವೇ ಬಿಚ್ಚಿದ್ರಾ, ಆಪಾ?’ ಎಂದ. ಹೌದು ಎಂದೆವು. ಹಾಳೆಯ ಮೇಲಿನ ಚಿತ್ರವನ್ನು ಬಹಳ ಹೊತ್ತು ನೋಡಿದ. ‘ನಾವು ಬಿಚ್ಚೋದು ಒಡೆಯೋಕೆ. ಬಿಚ್ಚಿದ್ದನ್ನ ಮತ್ತೆ ಮುಚ್ಚೋದು ನೋಡೇ ಇಲ್ಲ’ ಎಂದ.

ಅಮ್ಮಿ ಅಬ್ಬಾನ ಡಬ್ಬಿಯಿಂದ ನಿಂತುಹೋದ ಒಂದು ‘ಜನತಾ’ ವಾಚು ತೆಗೆದು ಅವನ ಎದುರಿಗಿಟ್ಟರು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳಲು ತೋರಿಸಿದರು. ಈಗ ಕೆಲವು ಭಾನುವಾರ ಗಾಡಿಯನ್ನು ಗೇಟಿಗೆ ಒರಗಿಸಿ ಅವನು ಕಾಲು ಗಂಟೆ ಕೂರುತ್ತಾನೆ. ಕೆಲವು ಭಾನುವಾರ ಬರುವುದೇ ಇಲ್ಲ. ಅವನಿಗೆ ಬೇಕಾದದ್ದು ಶಾಲೆ; ವಾಚು ಬಿಚ್ಚುವುದನ್ನು ಕಲಿಸಿದರೆ ಆ ಸಾಲ ತೀರುವುದಿಲ್ಲ ಎಂಬುದು ನಮಗೆ ಗೊತ್ತು. ಅವನ ತಾಯಿಯ ಜೊತೆ ಒಂದು ಸಲ ಮಾತಾಡಿದ್ದೇವೆ. ಇನ್ನೊಮ್ಮೆ ಹೋಗಬೇಕು.

ಅಮ್ಮಿ ಈಗ ನೂರರವರೆಗೆ ಚಾರ್ಜು ಮಾಡುವುದಿಲ್ಲ. ಎಂಬತ್ತಕ್ಕೆ ಬಂದೊಡನೆ ತಾವೇ ಎದ್ದು ಪ್ಲಗ್ಗು ಕೀಳುತ್ತಾರೆ. ರಾತ್ರಿ ಮಲಗುವ ಮುನ್ನ ಟ್ಯಾಬನ್ನು ಟೇಬಲ್ಲಿನ ಮೇಲಿಟ್ಟು, ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಅಲ್ಲಾಡದಿದ್ದರೆ ದೀಪ ಆರಿಸುತ್ತಾರೆ.